ಗೇರುಬೀಜ ಕೊಳ್ಳುವ ಊರಿನಿಂದ ಪಠ್ಯಕ್ರಮ ಬರೆಯಲು ಹೋದದ್ದು

ಟಾಂಜಾನಿಯಾದ ಒಂದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೊಸ ಪದವಿ ಕೋರ್ಸಿನ ಪಠ್ಯಕ್ರಮ ಮಾಡಿಕೊಡುವ ತಂಡದಲ್ಲಿ ನಾನು ಸೇರಿದ್ದು ನಿವೃತ್ತಿಯಾದ ಮೇಲೆ. ಅದಕ್ಕೂ ಮುಂಚೆ ದಕ್ಷಿಣ ಕನ್ನಡದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರು. ನಮ್ಮ ಸುತ್ತಮುತ್ತ ಗೇರುಬೀಜ ಕಾರ್ಖಾನೆಗಳು ಜಾಸ್ತಿ. ಅವುಗಳ ಬಾಯ್ಲರ್, ಡ್ರೈಯರ್ ಮೇಲೆ ವಿದ್ಯಾರ್ಥಿಗಳಿಂದ ವರ್ಷ ವರ್ಷ ಪ್ರಾಜೆಕ್ಟ್ ಮಾಡಿಸುತ್ತಿದ್ದೆ. ಇಂಜಿನಿಯರಿಂಗ್ ಕೋರ್ಸುಗಳ ಗುಣಮಟ್ಟ ನೋಡಿ ಕೊಡುವ ಎನ್‌ಬಿಎ ಮಾನ್ಯತೆಗೆ ಕಡತ ಕಟ್ಟಿ ಕಟ್ಟಿ ಕೈ ಪಳಗಿತ್ತು. ಹಳೆಯ ವಿದ್ಯಾರ್ಥಿಯೊಬ್ಬ ಯುರೋಪಿನ ಒಂದು ಕನ್ಸಲ್ಟಿಂಗ್ ಸಂಸ್ಥೆಯಲ್ಲಿದ್ದಾನೆ. ಅವನು ಫೋನ್ ಮಾಡಿ, "ಸರ್, ಗೇರುಬೀಜವೂ ಗೊತ್ತಿರಬೇಕು, ಮಾನ್ಯತೆ ಕೆಲಸವೂ ಗೊತ್ತಿರಬೇಕು, ಅಂಥವರನ್ನು ಹುಡುಕ್ತಿದ್ದೇವೆ, ನಿಮ್ಮ ಸಿವಿ ಕಳಿಸಿ" ಅಂದ. ಕಳಿಸಿದೆ.

ಇಂಥ ಕೆಲಸ ಹೇಗೆ ಸಿಗುತ್ತದೆ ಅನ್ನೋದು ನಮ್ಮ ಮೇಷ್ಟ್ರುಗಳಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಹಣದ ಮಾತು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಆಫ್ರಿಕಾದ ದೇಶಗಳಿಗೆ ಹೇಳುತ್ತಿದ್ದದ್ದು, ಪ್ರಾಥಮಿಕ ಶಾಲೆಗೆ ಹಣ ಹಾಕಿ, ವಿಶ್ವವಿದ್ಯಾಲಯಕ್ಕೆ ಹಾಕಿದರೆ ಹುಟ್ಟುವಳಿ ಕಮ್ಮಿ ಎಂದು. 2000ದಲ್ಲಿ ಯುನೆಸ್ಕೋ ಜೊತೆ ಸೇರಿ ಮಾಡಿಸಿದ ಕಾರ್ಯಪಡೆಯ ವರದಿ ಬಂದಿತು. ಆಮೇಲೆ ಧಾಟಿ ಬದಲಾಯಿತು. ಈಗ ಸಾಲವೇ ಉನ್ನತ ಶಿಕ್ಷಣಕ್ಕೆ ಬರುತ್ತಿದೆ. ಟಾಂಜಾನಿಯಾಕ್ಕೆ 2021ರಲ್ಲಿ ಇದಕ್ಕೆಂದೇ 42.5 ಕೋಟಿ ಡಾಲರ್ ಸಾಲ ಮಂಜೂರಾಯಿತು. ಯೋಜನೆಯ ಹೆಸರು ಹೀಟ್. ಹೊಸ ಕ್ಯಾಂಪಸ್ ಕಟ್ಟುವುದು, ಅಧ್ಯಾಪಕರನ್ನು ಓದಿಸುವುದು, ಹಳೆಯ ಪಠ್ಯಕ್ರಮ ತಿದ್ದುವುದು, ಉದ್ಯಮದವರನ್ನು ಸಲಹಾ ಸಮಿತಿಗೆ ಕರೆಯುವುದು, ಎಲ್ಲ ಅದರಲ್ಲಿದೆ. ನಮ್ಮದೂ ಈ ಬಗೆಯ ಕೆಲಸದ ಒಂದು ಸಣ್ಣ ತುಂಡು.

ವಿಶ್ವವಿದ್ಯಾಲಯ ಮೊದಲು ಇಒಐ ಕರೆಯುತ್ತದೆ. ಅಂದರೆ, ಈ ಕೆಲಸದಲ್ಲಿ ಆಸಕ್ತಿ ಇದ್ದರೆ ನಿಮ್ಮ ಸಂಸ್ಥೆ ಹಿಂದೆ ಏನು ಮಾಡಿದೆ ಹೇಳಿ ಎಂಬ ಕರೆ. ಆಗ ವ್ಯಕ್ತಿಗಳ ಸಿವಿಗೆ ಅಂಕ ಇಲ್ಲ, ಸಂಸ್ಥೆಯ ಚರಿತ್ರೆ ಮಾತ್ರ ನೋಡುತ್ತಾರೆ. ಅದರಲ್ಲಿ ಐದರಿಂದ ಎಂಟು ಸಂಸ್ಥೆಗಳನ್ನು ಆರಿಸಿ ಅವರಿಗಷ್ಟೇ ಆರ್‌ಎಫ್‌ಪಿ, ಅಂದರೆ ಪ್ರಸ್ತಾವ ಕೊಡಿ ಎಂಬ ಆಹ್ವಾನ, ಕಳಿಸುತ್ತಾರೆ. ಅದರೊಳಗೆ ಟಿಒಆರ್ ಇರುತ್ತದೆ, ಏನೇನು ಮಾಡಬೇಕು ಎಂಬ ಪಟ್ಟಿ. ಆಮೇಲೆ ತಾಂತ್ರಿಕ ಪ್ರಸ್ತಾವ ಬೇರೆ, ಹಣದ ಪ್ರಸ್ತಾವ ಬೇರೆ. ತಾಂತ್ರಿಕದ್ದನ್ನು ಮೊದಲು ಓದಿ ಅಂಕ ಕೊಡುತ್ತಾರೆ. ನಿಗದಿತ ಅಂಕ ಬಾರದವರ ಹಣದ ಲಕೋಟೆ ತೆರೆಯುವುದೇ ಇಲ್ಲ. ನಮ್ಮಲ್ಲಿ ರಸ್ತೆ ಟೆಂಡರ್‌ಗೆ ಕಡಿಮೆ ರೇಟು ಹಾಕಿದವನೇ ರಾಜ. ಇಲ್ಲಿ ಗುಣಕ್ಕೆ ಹೆಚ್ಚು ತೂಕ, ಹಣಕ್ಕೆ ಕಡಿಮೆ. ಕೇಳಲು ಚೆನ್ನಾಗಿದೆ. ಆದರೆ ಗುಣ ಅಂದರೆ ಇಲ್ಲಿ ಬರವಣಿಗೆ. ಚೆನ್ನಾಗಿ ಬರೆಯುವವರು ಗೆಲ್ಲುತ್ತಾರೆ, ಚೆನ್ನಾಗಿ ಮಾಡುವವರು ಬರೆಯಲು ಬಾರದೆ ಹೊರಗೆ ಉಳಿಯುತ್ತಾರೆ.

ನಮ್ಮ ಕೂಟದಲ್ಲಿ ಮೂರು ಕಡೆಯವರು. ಯುರೋಪಿನ ಸಂಸ್ಥೆ ಲೀಡ್, ಅಂದರೆ ಮುಂದಾಳು. ದಾರ್ ಎಸ್ ಸಲಾಮ್‌ನ ಒಂದು ಸಣ್ಣ ಸಂಸ್ಥೆ ಸ್ಥಳೀಯ ಪಾಲುದಾರ. ನಾನು ಮತ್ತು ನನ್ನಂಥ ಇನ್ನೊಬ್ಬರು ಭಾರತದಿಂದ ವಿಷಯ ತಜ್ಞರು. ಸಿವಿಯನ್ನು ಅವರ ನಮೂನೆಗೆ ಇಳಿಸುವುದೇ ಒಂದು ಕೆಲಸವಾಯಿತು. ಪಾಠ ಮಾಡಿದ ಇಷ್ಟು ವರ್ಷಗಳಿಗೆ ಅಲ್ಲಿ ಒಂದು ಸಾಲು. ಯಾವುದೋ ಸಮಿತಿಯಲ್ಲಿ ಕುಳಿತು ಬಂದದ್ದಕ್ಕೆ ಅರ್ಧ ಪುಟ.

ದಿನದ ದರ ಗೊತ್ತುಮಾಡುವ ಆನ್‌ಲೈನ್ ಸಭೆ ಮಾತ್ರ ಮರೆಯುವಂಥದ್ದಲ್ಲ. ಸ್ಥಳೀಯ ಸಂಸ್ಥೆಯಿಂದ ಅರ್ಥಶಾಸ್ತ್ರ ಓದಿದ ಒಬ್ಬ ಹೆಣ್ಣುಮಗಳು ಬಂದಿದ್ದರು. ಉದ್ಯಮಗಳ ಸಮೀಕ್ಷೆ, ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಮಾತಾಡಿಸುವುದು, ಪತ್ರ, ಅನುಮತಿ, ಸಭೆ ಕರೆಯುವುದು, ಎಲ್ಲ ಅವರ ತಲೆಯ ಮೇಲೆ. ಅವರು ನೇರವಾಗಿ ಕೇಳಿದರು: "ಹೆಚ್ಚು ದಿನ ಕೆಲಸ ಮಾಡುವವಳು ನಾನು. ನನ್ನ ದರವೇ ಎಲ್ಲರಿಗಿಂತ ಕಡಿಮೆ ಯಾಕೆ?" ಲೀಡ್ ಸಂಸ್ಥೆಯವರು "ಅದು ಸ್ಥಳೀಯ ಮಾರುಕಟ್ಟೆ ದರ" ಅಂದರು. ಪಟ್ಟಿ ನೋಡಿದೆ. ಮೇಲೆ ಯುರೋಪಿನ ತಜ್ಞರು, ನಡುವೆ ನಾವು ಭಾರತದವರು, ಕೆಳಗೆ ಆಕೆ. ಒಂದೇ ಕೆಲಸ, ಮೂರು ಮೆಟ್ಟಿಲು. ನಾನು ನಡುವಿನ ಮೆಟ್ಟಿಲಲ್ಲಿ ನಿಂತು ಆಕೆಯ ಪರ ಮಾತಾಡಿದೆ. ದರ ಸ್ವಲ್ಪ ಏರಿತು, ದಿನಗಳ ಸಂಖ್ಯೆ ಸ್ವಲ್ಪ ಇಳಿಯಿತು. ಒಟ್ಟು ಮೊತ್ತ ಇದ್ದಲ್ಲೇ ಇತ್ತು! ಲೆಕ್ಕ ಗೊತ್ತಿರುವವರ ಜಾಣತನ ಅದು.

ಕೆಲಸ ನಮಗೇ ಆಯಿತು. ಮಾತುಕತೆ, ಸಹಿ, ತೆರಿಗೆ ಕಾಗದ. ಹೊರದೇಶದವರ ಸೇವೆಗೆ ಅಲ್ಲಿ 15 ಪ್ರತಿಶತ ಹಿಡಿದುಕೊಂಡೇ ಹಣ ಕೊಡುತ್ತಾರೆ, ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಡಿಸ್ ಅಬಾಬಾ ಮೂಲಕ ಹೋಗುವ ವಿಮಾನವಾದ್ದರಿಂದ ಹಳದಿ ಜ್ವರದ ಲಸಿಕೆಯೂ ಬೇಕಾಯಿತು. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲಷ್ಟೇ ಲಸಿಕೆಯ ಪ್ರಮಾಣಪತ್ರವಾದ ಆ ಹಳದಿ ಪುಸ್ತಕಕ್ಕೆ ಬೆಲೆ. ಟಿಕೆಟ್ ಮೊದಲು ಮಾಡಿಸಿ ಲಸಿಕೆ ಆಮೇಲೆ ಅಂದುಕೊಳ್ಳುವವರು ಇದನ್ನು ನೆನಪಿಡಿ.

ಅಲ್ಲಿ ನಮ್ಮ ಜೊತೆ ಕೆಲಸಕ್ಕೆ ಗೊತ್ತಾದವರು ವಿಭಾಗದ ಮುಖ್ಯಸ್ಥರು. ಒಪ್ಪಂದದ ಭಾಷೆಯಲ್ಲಿ ಕೌಂಟರ್‌ಪಾರ್ಟ್. ನನಗಿಂತ ಬಹಳ ಚಿಕ್ಕವರು, ಜಪಾನಿನಲ್ಲಿ ಪಿಎಚ್‌ಡಿ ಮಾಡಿ ಬಂದವರು. ಮೊದಲ ಭೇಟಿಯಲ್ಲಿ "ಶಿಕಮೂ" ಅಂದರು. ಹಿರಿಯರಿಗೆ ಹೇಳುವ ನಮಸ್ಕಾರ. "ಮರಹಬಾ" ಅಂತ ಉತ್ತರ ಹೇಳಬೇಕೆಂದು ಆ ಅರ್ಥಶಾಸ್ತ್ರದ ಹೆಣ್ಣುಮಗಳು ಮೊದಲೇ ಕಲಿಸಿದ್ದರು. ಆಮೇಲೆ ಅವರು ನನಗೆ ಪ್ರೊಫೆಸರ್, ನಾನು ಅವರಿಗೆ ಡಾಕ್ಟರ್. ಅವರಿಗೆ ವಾರಕ್ಕೆ ಪೂರ್ತಿ ಪಾಠ, ಪರೀಕ್ಷೆ, ಆಡಳಿತ, ಅದರ ಮೇಲೆ ನಾವು. ನಮ್ಮ ಕೆಲಸಕ್ಕೆಂದು ಅವರ ಒಂದು ಗಂಟೆ ಪಾಠವನ್ನೂ ಯಾರೂ ಕಡಿಮೆ ಮಾಡಿರಲಿಲ್ಲ. ನಮ್ಮ ಒಪ್ಪಂದದಲ್ಲಿ ಎಲ್ಲರ ದಿನಕ್ಕೂ ದರ ಇತ್ತು, ಅವರ ದಿನಕ್ಕೆ ಇರಲಿಲ್ಲ. ಆದರೆ ನಾಳೆ ಆ ಕೋರ್ಸು ನಡೆಸಬೇಕಾದವರು ಅವರೇ ಅಲ್ವಾ?

ಅವರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಟಾಂಜಾನಿಯಾದಲ್ಲಿ ಪ್ರಾಥಮಿಕ ಶಾಲೆ ಪೂರ್ತಿ ಸ್ವಾಹಿಲಿಯಲ್ಲಿ. ಪ್ರೌಢಶಾಲೆಯಿಂದ ಒಮ್ಮೆಲೇ ಇಂಗ್ಲಿಷ್. ವಿಶ್ವವಿದ್ಯಾಲಯವೂ ಇಂಗ್ಲಿಷ್. ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಹುಡುಗರು ಬರೆದುಕೊಂಡರು. ಪ್ರಶ್ನೆ ಇದೆಯಾ ಅಂದಾಗ ಒಬ್ಬರೂ ಬಾಯಿ ಬಿಡಲಿಲ್ಲ. ಗಂಟೆ ಹೊಡೆದು ಹೊರಗೆ ಬಂದ ಕೂಡಲೇ ಅದೇ ಉಷ್ಣ ವಿನಿಮಯದ ಬಗ್ಗೆ ಸ್ವಾಹಿಲಿಯಲ್ಲಿ ಜೋರು ವಾದ. ನಮ್ಮ ಕಾಲೇಜಿಗೆ ಕನ್ನಡ ಮಾಧ್ಯಮದಿಂದ ಬರುತ್ತಿದ್ದ ಮಕ್ಕಳೂ ಮೊದಲ ವರ್ಷ ಹೀಗೇ ಇರುತ್ತಿದ್ದರು. ಹಾಗಾಗಿ ಪಠ್ಯಕ್ರಮದಲ್ಲಿ ಒಂದು ಮಾತು ಸೇರಿಸಿದೆವು: ಪ್ರಯೋಗಶಾಲೆ ಮತ್ತು ಗುಂಪು ಚರ್ಚೆಯಲ್ಲಿ ಸ್ವಾಹಿಲಿ ಬಳಸಬಹುದು, ವರದಿ ಇಂಗ್ಲಿಷಿನಲ್ಲಿ. ಯುರೋಪಿನ ತಜ್ಞರಿಗೆ ಇದು ಯಾಕೆ ಬೇಕು ಅಂತಲೇ ಅರ್ಥ ಆಗಲಿಲ್ಲ. ನಮ್ಮಂಥವರು ತಂಡದಲ್ಲಿ ಇದ್ದುದಕ್ಕೆ ನಿಜವಾದ ಉಪಯೋಗ ಇದರಲ್ಲಿತ್ತು ಅನಿಸುತ್ತದೆ, ತಜ್ಞ ಅನ್ನೋ ಪಟ್ಟದಲ್ಲಿ ಅಲ್ಲ.

ಇನ್ನು ಮುಖ್ಯ ವಿಷಯ. ಕೋರ್ಸು ಬೆಳೆ ಸಂಸ್ಕರಣೆಯ ಇಂಜಿನಿಯರಿಂಗ್. ಅದರಲ್ಲಿ ಗೇರುಬೀಜಕ್ಕೆ ದೊಡ್ಡ ಪಾಲು. ಟಾಂಜಾನಿಯಾದ ದಕ್ಷಿಣದಲ್ಲಿ, ಮ್ಟ್ವಾರಾ, ಲಿಂಡಿ ಕಡೆ ಗೇರೇ ರೈತರ ಜೀವನ. ಅಲ್ಲಿ ಅದಕ್ಕೆ ಕೊರೊಶೊ ಅನ್ನುತ್ತಾರೆ. ಬೆಳೆದದ್ದರಲ್ಲಿ ಬಹುಪಾಲು ಸಿಪ್ಪೆ ಸಮೇತ ಹಡಗು ಹತ್ತುತ್ತದೆ. ಹೋಗುವುದು ಭಾರತಕ್ಕೆ ಮತ್ತು ವಿಯೆಟ್ನಾಮಿಗೆ. ಭಾರತದಲ್ಲಿ ಎಲ್ಲಿಗೆ? ಕೊಲ್ಲಂ, ಮಂಗಳೂರು ಮುಂತಾದ ಕಡೆಗೆ. ಅಂದರೆ ನಮ್ಮೂರಿಗೆ.

ಉದ್ಯಮದವರು, ರೈತರ ಸಹಕಾರ ಸಂಘದವರು, ಹಳೆಯ ವಿದ್ಯಾರ್ಥಿಗಳು ಎಲ್ಲರನ್ನೂ ಕರೆದು ಅಭಿಪ್ರಾಯ ಕೇಳುವ ಸಭೆ ಟಿಒಆರ್‌ನಲ್ಲೇ ಇತ್ತು. ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಪವರ್‌ಪಾಯಿಂಟ್, ಚಹಾ, ಮಂದಾಜಿ ಎಂಬ ಕರಿದ ತಿಂಡಿ, ಗ್ರೂಪ್ ಫೋಟೊ, ಮುಗಿಯಿತು. ಇಲ್ಲಿ ಹಾಗಾಗಲಿಲ್ಲ. ಸಹಕಾರ ಸಂಘದ ಹಿರಿಯರೊಬ್ಬರು ಎದ್ದು ಸ್ವಾಹಿಲಿಯಲ್ಲಿ ಮಾತಾಡಿದರು. ಸಭೆ ನಕ್ಕಿತು. ಅರ್ಥಶಾಸ್ತ್ರದ ಹೆಣ್ಣುಮಗಳು ನನ್ನ ಕಿವಿಯಲ್ಲಿ ಹೇಳಿದರು: "ನಮ್ಮ ಬೀಜ ಕೊಳ್ಳುವವರೂ ನೀವೇ. ಅದನ್ನು ಇಲ್ಲೇ ಸುಲಿಯೋದು ಹೇಗೆ ಅಂತ ಹೇಳಿಕೊಡಲು ಬಂದವರೂ ನೀವೇ. ಇದರಲ್ಲಿ ನಿಮಗೇನು ಲಾಭ, ಕೇಳ್ತಿದ್ದಾರೆ."

ನಾನು ವ್ಯಾಪಾರಿ ಅಲ್ಲ, ನನಗೆ ದಿನಕ್ಕೆ ಇಷ್ಟು ಅಂತ ಕೂಲಿ ಸಿಗುತ್ತದೆ ಅಂದೆ. ಮತ್ತೆ ನಮ್ಮೂರಿನ ಕಥೆ ಹೇಳಿದೆ. ನಮ್ಮಲ್ಲಿ ಗೇರು ಕೊಯ್ಲು ಫೆಬ್ರುವರಿಯಿಂದ ಮೇ. ನಿಮ್ಮಲ್ಲಿ ಅಕ್ಟೋಬರಿನಿಂದ ಜನವರಿ. ನಮ್ಮ ಬೆಳೆಯಷ್ಟರಿಂದ ಕಾರ್ಖಾನೆ ವರ್ಷಪೂರ್ತಿ ನಡೆಯುವುದಿಲ್ಲ. ನಿಮ್ಮ ಬೀಜ ಬಂದರೆ ಸಾವಿರಾರು ಹೆಂಗಸರಿಗೆ ಆ ತಿಂಗಳುಗಳಲ್ಲೂ ಕೆಲಸ. ಹಿರಿಯರು ಕೂರಲಿಲ್ಲ. "ನಾವೇ ಸುಲಿದರೆ ಆ ಹೆಂಗಸರು ಏನು ಮಾಡ್ತಾರೆ?" ನನ್ನ ಬಳಿ ಉತ್ತರ ಇರಲಿಲ್ಲ, ಇಲ್ಲ ಅಂತಲೇ ಹೇಳಿದೆ. ಆಮೇಲೆ ಅವರು ಕೂತರು. ಆ ಸಭೆಯಲ್ಲಿ ಬಾಕಿ ಮಾತುಗಳೆಲ್ಲ ಇದಾದ ಮೇಲೆಯೇ ಬಿಚ್ಚಿಕೊಂಡದ್ದು.

ಬಿಚ್ಚಿಕೊಂಡ ಮಾತುಗಳಲ್ಲಿ ದೊಡ್ಡದು ಹಳೆಯ ಕಾರ್ಖಾನೆಗಳದ್ದು. 1973-74ರಲ್ಲಿ ಟಾಂಜಾನಿಯಾ ಸುಮಾರು 1,45,000 ಟನ್ ಗೇರುಬೀಜ ಬೆಳೆದಿತ್ತು. ಇಷ್ಟು ಬೆಳೆದು ಹಸಿಯಾಗಿ ಯಾಕೆ ಮಾರಬೇಕು ಅಂತ, ಆ ದಶಕದಲ್ಲಿ ವಿಶ್ವಬ್ಯಾಂಕ್ ಸಾಲವೂ ಸೇರಿ ಹೊರಗಿನ ಹಣದಲ್ಲಿ ದೊಡ್ಡ ದೊಡ್ಡ ಯಂತ್ರದ ಕಾರ್ಖಾನೆಗಳು ಎದ್ದವು. ಇಟಲಿಯ ಯಂತ್ರ, ಜಪಾನಿನ ಯಂತ್ರ. ಅಷ್ಟರಲ್ಲಿ ಬೆಳೆಯೇ ಕುಸಿಯಿತು. ಚದುರಿದ್ದ ಜನರನ್ನು ಒಂದೇ ಊರಿಗೆ ತಂದು ಸೇರಿಸುವ ಸರ್ಕಾರದ ಯೋಜನೆಯಲ್ಲಿ ಜನ ತಮ್ಮ ಮರಗಳಿಂದ ದೂರ ಹೋದರು, ಸರ್ಕಾರ ಕೊಡುವ ಬೆಲೆ ಇಳಿಯಿತು, ಮರಕ್ಕೆ ಬೂದಿ ರೋಗ ಬಂತು. ಹತ್ತು ಹನ್ನೆರಡು ವರ್ಷದಲ್ಲಿ ಬೆಳೆ ಇಪ್ಪತ್ತು ಸಾವಿರ ಟನ್ನಿಗಿಂತ ಕೆಳಗಿಳಿಯಿತು. ಕಾರ್ಖಾನೆಗಳು ನಿಂತವು. ಆಮೇಲೆ ಖಾಸಗಿಯವರ ಕೈಗೆ ಹೋದವುಗಳಲ್ಲಿ ಎಷ್ಟೋ ಬರೀ ಗೋದಾಮುಗಳಾದವು. ಅಲ್ಲಿ ಈಗ ಏನಿಡುತ್ತಾರೆ ಗೊತ್ತಾ? ಹಡಗಿಗೆ ಹೋಗಲಿರುವ ಸಿಪ್ಪೆ ಬೀಜ.

ಮ್ಟ್ವಾರಾ ಕಡೆ ಅಂಥ ಒಂದು ಕಟ್ಟಡ ನೋಡಿದೆ. ಕಬ್ಬಿಣದ ದೊಡ್ಡ ಡ್ರಮ್ಮು ತುಕ್ಕು ಹಿಡಿದು ಮೂಲೆಯಲ್ಲಿತ್ತು. ಆ ಯಂತ್ರಗಳಲ್ಲಿ ಬೀಜ ಒಡೆಯುವುದು ಜಾಸ್ತಿ ಎಂಬ ದೂರು ಆಗಲೇ ಇತ್ತು. ನಮ್ಮಲ್ಲಿ ಹೆಂಗಸರು ಕೈಯಲ್ಲಿ ಒಡೆದರೆ ಇಡೀ ತಿರುಳು ಬರುತ್ತದೆ. ಗೇರುಬೀಜದ ವ್ಯಾಪಾರದಲ್ಲಿ ಇಡಿಗೂ ಪುಡಿಗೂ ಇರುವ ಬೆಲೆಯ ಅಂತರವೇ ಲಾಭ ನಷ್ಟ. ನಾಲ್ಕು ಕಿಲೋ ಬೀಜ ಸುಲಿದರೆ ಸುಮಾರು ಒಂದು ಕಿಲೋ ತಿರುಳು. ಅದರಲ್ಲಿ ಕಾಲು ಭಾಗ ತುಂಡಾದರೂ ಮಾಲೀಕನ ಮುಖ ಬಾಡುತ್ತದೆ. 2018ರಲ್ಲಿ ಬೆಲೆ ಕುಸಿದಾಗ ಆಗಿನ ಟಾಂಜಾನಿಯಾ ಅಧ್ಯಕ್ಷ ಮಗುಫುಲಿ ಸೈನ್ಯವನ್ನೇ ಕಳಿಸಿ ಕಿಲೋಗೆ 3,300 ಶಿಲ್ಲಿಂಗ್ ಕೊಟ್ಟು ಕೊಳ್ಳಲು ಹೇಳಿದ್ದರು. ಕೊಳ್ಳುವುದು ಸೈನ್ಯಕ್ಕೆ ಆಗುತ್ತದೆ. ಸುಲಿಯುವುದು?

ಹತ್ತಿರದಲ್ಲೇ ಹೆಂಗಸರ ಗುಂಪೊಂದು ನಡೆಸುವ ಸಣ್ಣ ಘಟಕ ಇತ್ತು. ಬೀಜ ಹಬೆಯಲ್ಲಿ ಬೇಯಿಸಿ, ಕಾಲಿನಿಂದ ತುಳಿಯುವ ಕಟ್ಟರಿನಲ್ಲಿ ಒಡೆಯುತ್ತಿದ್ದರು. ಕಟ್ಟರ್ ಭಾರತದ್ದೇ. ಬೋರ್ಮಾ ಕೆಟ್ಟು ನಿಂತಿತ್ತು. ಗೇರುಬೀಜದ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬೋರ್ಮಾ ಅಂದರೆ ತಿರುಳು ಒಣಗಿಸುವ ಬಿಸಿ ಗೂಡು; ಒಡೆದ ತಿರುಳನ್ನು ಅದರಲ್ಲಿ ಸುಮಾರು 70 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸಿದರೆ ಮಾತ್ರ ಕೆಂಪು ಸಿಪ್ಪೆ ಬಿಡುತ್ತದೆ. ಬೋರ್ಮಾ ಇಲ್ಲದಿದ್ದರೆ ಮುಂದಿನ ಯಾವ ಕೆಲಸವೂ ಇಲ್ಲ. ಏನಾಗಿದೆ ನೋಡೋಣ ಅಂತ ಬಾಗಿಲು ತೆಗೆಸಿದೆ. ಫ್ಯಾನಿನ ಬೇರಿಂಗ್ ಹೋಗಿತ್ತು, ಅಷ್ಟೇ. ರಿಪೇರಿಗೆ ದಾರ್ ಎಸ್ ಸಲಾಮ್‌ನಿಂದ ಜನ ಬರಬೇಕು ಅಂದರು, ಅದು ಐನೂರು ಕಿಲೋಮೀಟರಿಗಿಂತ ಹೆಚ್ಚು ದೂರ.

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿ, ನನಗೆ ಪರಿಚಯದ ಕಾರ್ಖಾನೆಯ ಮೇಸ್ತ್ರಿಗೆ ಇದನ್ನು ಹೇಳಿದೆ. ಅವರು ನಕ್ಕುಬಿಟ್ಟರು. "ಮಿಷನ್ ಯಾರು ಬೇಕಾದ್ರೂ ತರ್ತಾರೆ ಮಾರಾಯ್ರೆ, ಹಾಳಾದ್ರೆ ಸರಿ ಮಾಡುವವ ಪಕ್ಕದಲ್ಲೇ ಇರ್ಬೇಕಲ್ಲ?"

ಲೀಡ್ ಸಂಸ್ಥೆ ಕಳಿಸಿದ್ದ ಕರಡಿನಲ್ಲಿ ಆಹಾರ ರಸಾಯನಶಾಸ್ತ್ರ, ಉದ್ಯಮಶೀಲತೆ, ಜಾಗತಿಕ ಮೌಲ್ಯ ಸರಪಳಿ, ಹೀಗೆ ಚೆಂದದ ಪಾಠ ವಿಷಯಗಳ ಪತ್ರಿಕೆಗಳಿದ್ದವು. ಯಂತ್ರ ನಿರ್ವಹಣೆ ನಾಲ್ಕನೇ ವರ್ಷದಲ್ಲಿ ಐಚ್ಛಿಕ. ಅದನ್ನು ಎರಡನೇ ವರ್ಷಕ್ಕೆ ತಂದು ಎಲ್ಲರಿಗೂ ಕಡ್ಡಾಯ ಮಾಡಿ ಅಂತ ಹಟ ಹಿಡಿದೆ. ಬಾಯ್ಲರ್, ಬೇರಿಂಗ್, ಮೋಟರ್, ತೇವಾಂಶ ಅಳೆಯುವುದು, ವೆಲ್ಡಿಂಗ್. ವಿಭಾಗದ ಮುಖ್ಯಸ್ಥರು ಮೊದಲು ಹಿಂಜರಿದರು. ಡಿಗ್ರಿಗೂ ಐಟಿಐಗೂ ವ್ಯತ್ಯಾಸ ಏನು ಅಂತ ಕೋರ್ಸುಗಳಿಗೆ ಒಪ್ಪಿಗೆ ಕೊಡುವ ವಿಶ್ವವಿದ್ಯಾಲಯದ ಸೆನೆಟ್ಟಿನಲ್ಲಿ ಕೇಳುತ್ತಾರೆ ಎಂಬ ಭಯ. ನಮ್ಮಲ್ಲೂ ಇದೇ ಭಯ, ಕೈಗೆ ಎಣ್ಣೆ ಮೆತ್ತಿಕೊಂಡರೆ ಇಂಜಿನಿಯರ್ ಅಲ್ಲ ಅಂತ. ಕೊನೆಗೆ ಅವರ ವರ್ಕ್‌ಶಾಪಿನ ಹಳೆಯ ಟೆಕ್ನಿಷಿಯನ್ ಒಬ್ಬರನ್ನು ಕೂರಿಸಿಕೊಂಡು ಆ ಪತ್ರಿಕೆ ಬರೆದೆವು. ಟಿಒಆರ್‌ನಲ್ಲಿ ಆ ಮನುಷ್ಯನಿಗೆ ಜಾಗವೇ ಇರಲಿಲ್ಲ. ಇಡೀ ಪಠ್ಯಕ್ರಮದಲ್ಲಿ ಗಟ್ಟಿಯಾಗಿರುವ ಪತ್ರಿಕೆ ಅದೇ ಅಂತ ನನ್ನ ಅಭಿಪ್ರಾಯ.

ಕ್ರೆಡಿಟ್ ಲೆಕ್ಕ ಬೇರೆ ತಲೆನೋವು. ನಮ್ಮಲ್ಲಿ ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆ ಪಾಠ ಅಂದರೆ ಒಂದು ಕ್ರೆಡಿಟ್, ನಾಲ್ಕು ವರ್ಷಕ್ಕೆ 160ರ ಆಸುಪಾಸು. ಅಲ್ಲಿ ವಿದ್ಯಾರ್ಥಿ ಒಟ್ಟು 10 ಗಂಟೆ ಕಲಿತರೆ ಒಂದು ಕ್ರೆಡಿಟ್, ವರ್ಷಕ್ಕೆ 120. ಪಾಠ ಅಷ್ಟೇ ಅಲ್ಲ, ಮನೆಯಲ್ಲಿ ಓದಿದ್ದು, ಪ್ರಯೋಗ ಮಾಡಿದ್ದು ಎಲ್ಲ ಸೇರಿ. ನನಗೆ ಅವರದ್ದೇ ಸರಿ ಅನಿಸಿತು. ನಾವು ಮೇಷ್ಟ್ರು ಮಾತಾಡಿದ ಗಂಟೆ ಎಣಿಸುತ್ತೇವೆ, ಅವರು ಹುಡುಗರು ದುಡಿದ ಗಂಟೆ ಎಣಿಸುತ್ತಾರೆ.

ಆಮೇಲೆ ಸಮಿತಿಗಳ ಸಾಲು. ವಿಭಾಗದ ಸಭೆ, ಹಲವು ವಿಭಾಗಗಳು ಸೇರಿದ ಸ್ಕೂಲಿನ ಮಂಡಳಿ, ಸೆನೆಟ್, ಅದರ ಮೇಲೆ ಕೌನ್ಸಿಲ್, ಕೊನೆಗೆ ಟಾಂಜಾನಿಯಾ ವಿಶ್ವವಿದ್ಯಾಲಯಗಳ ಆಯೋಗ, ನಮ್ಮ ಯುಜಿಸಿ, ಎಐಸಿಟಿಇ ಎರಡರ ಕೆಲಸವನ್ನೂ ಸ್ವಲ್ಪ ಸ್ವಲ್ಪ ಮಾಡುವ ಸಂಸ್ಥೆ. ಒಂದೊಂದಕ್ಕೂ ಅದರದೇ ದಿನಾಂಕ. ನಮ್ಮ ಒಪ್ಪಂದದ ಕಂತುಗಳು ಇದಕ್ಕೆ ಸಂಬಂಧವೇ ಇಲ್ಲದಂತೆ ಇದ್ದವು: ಆರಂಭದ ವರದಿಗೆ ಇಷ್ಟು, ಕರಡು ವರದಿಗೆ ಇಷ್ಟು, ಅಂತಿಮ ವರದಿಗೆ ಇಷ್ಟು. ಅಂತಿಮ ವರದಿ ಒಪ್ಪಿಗೆಯಾಯಿತು, ಹಣ ಬಂತು, ಒಪ್ಪಂದ ಮುಗಿಯಿತು. ಆಗಿನ್ನೂ ಕೋರ್ಸು ಸೆನೆಟ್ಟಿಗೇ ಹೋಗಿರಲಿಲ್ಲ!

ಪರಿಶೀಲಕರ ಪ್ರಶ್ನೆಗಳು ಬಂದದ್ದು ಅದರ ನಂತರ. ಒಳ್ಳೆಯ ಪ್ರಶ್ನೆಗಳೇ. ಈ ಪತ್ರಿಕೆ ಪಾಠ ಮಾಡಲು ಪಿಎಚ್‌ಡಿ ಆದವರು ಎಷ್ಟು ಜನ ಇದ್ದಾರೆ, ಪ್ರಯೋಗಶಾಲೆ ಎಲ್ಲಿ, ಕೈಗಾರಿಕಾ ತರಬೇತಿಗೆ ಇಷ್ಟು ಹುಡುಗರನ್ನು ಯಾರು ತೆಗೆದುಕೊಳ್ಳುತ್ತಾರೆ. ವಿಭಾಗದ ಮುಖ್ಯಸ್ಥರು ಲೀಡ್ ಸಂಸ್ಥೆಗೆ ಬರೆದರು. ಒಪ್ಪಂದ ಮುಗಿದಿದೆ ಎಂಬ ಸಭ್ಯ ಉತ್ತರ ಬಂತು. ಕಾನೂನಿನ ಪ್ರಕಾರ ಸರಿಯೇ. ಅರ್ಥಶಾಸ್ತ್ರದ ಹೆಣ್ಣುಮಗಳೂ ನಾನೂ ವಾಟ್ಸಾಪಿನಲ್ಲಿ, ಝೂಮಿನಲ್ಲಿ ಕೂತು ಅವರಿಗೆ ಉತ್ತರ ಬರೆಯಲು ನೆರವಾದೆವು. ಪುಕ್ಕಟೆ. ಪುಕ್ಕಟೆ ಮಾಡಿದ್ದು ದೊಡ್ಡತನ ಅಲ್ಲ, ಅದು ವ್ಯವಸ್ಥೆಯ ತೂತು. ಕೊನೆಯ ಕಂತನ್ನು ಪೂರ್ತಿ ಆಯೋಗದ ಅನುಮತಿಗೆ ಕಟ್ಟಿಹಾಕಿದರೆ ಯಾವ ಸಂಸ್ಥೆಯೂ ಬಿಡ್ ಹಾಕುವುದಿಲ್ಲ, ಅದು ನಿಜ. ಆದರೆ ತಜ್ಞರ ಒಟ್ಟು ದಿನಗಳಲ್ಲಿ ಕೆಲವನ್ನು ಸೆನೆಟ್ ಮತ್ತು ಆಯೋಗದ ಹಂತಕ್ಕೆಂದು ತೆಗೆದಿಡಬಹುದು, ಬಳಸಿದರೆ ಹಣ, ಇಲ್ಲವಾದರೆ ಇಲ್ಲ. ವರದಿಯ ಪುಟ ಸ್ವಲ್ಪ ಕಡಿಮೆಯಾದರೆ ಆಗುವ ಖರ್ಚು ಇದು. ಇನ್ನು ಮುಂದೆ ಸಿವಿ ಕೊಡುವ ಮೊದಲು ಇದನ್ನು ಕೇಳುತ್ತೇನೆ. ಕೌಂಟರ್‌ಪಾರ್ಟ್‌ಗೆ ಪಾಠದ ಹೊರೆ ಇಳಿಸುತ್ತೀರಾ ಅಂತಲೂ ಕೇಳುತ್ತೇನೆ.

ಇದೇ ದೇಶದ ಝಾಂಜಿಬಾರಿನಲ್ಲಿ 2023ರಲ್ಲಿ ಐಐಟಿ ಮದ್ರಾಸ್ ತನ್ನ ಕ್ಯಾಂಪಸ್ಸನ್ನೇ ತೆರೆಯಿತು. ನಮ್ಮ ಮೇಷ್ಟ್ರುಗಳು ಅಲ್ಲೇ ಇದ್ದು ಪಾಠ ಮಾಡುವುದು, ಪದವಿಯೂ ನಮ್ಮದೇ. ಅದು ಬೇರೆ ದಾರಿ. ವರದಿ ಬರೆದು ಬರುವುದಕ್ಕಿಂತ ಅದರಲ್ಲಿ ಹೊಣೆ ಜಾಸ್ತಿ. ಆದರೆ ದೇಶದ ಬೇರೆ ವಿಶ್ವವಿದ್ಯಾಲಯಗಳ ಒಳಗಿನ ಕೆಲಸ, ಈ ಕ್ರೆಡಿಟ್, ಸೆನೆಟ್, ವರ್ಕ್‌ಶಾಪಿನ ಜಗಳ, ಅದನ್ನು ಯಾರಾದರೂ ಅಲ್ಲೇ ಕೂತು ಮಾಡಲೇಬೇಕು.

ನಮ್ಮ ಕೋರ್ಸಿಗೆ ಅನುಮತಿ ಸಿಕ್ಕಿತು, ಮೊದಲ ತಂಡದ ವಿದ್ಯಾರ್ಥಿಗಳು ಸೇರಿದ್ದಾರೆ. ಹೊಸ ಬೋರ್ಮಾ ಹೊರಗಿನಿಂದ ತರಿಸಲಿಲ್ಲ. ಸ್ಥಳೀಯ ವರ್ಕ್‌ಶಾಪಿನಲ್ಲಿ ಅಲ್ಲಿನ ಹುಡುಗರೇ ತಗಡು ಬಗ್ಗಿಸಿ ಕಟ್ಟಿದರು, ನಾನು ಡ್ರಾಯಿಂಗ್ ಕಳಿಸಿದ್ದೆ. ಬೇರಿಂಗ್ ಮಾತ್ರ ಆಟೊಗಳಿಗೆ ಹಾಕುವ ಅಳತೆಯದ್ದೇ ಇರಲಿ ಅಂದಿದ್ದೆ. ಅಲ್ಲಿ ಆಟೊಗೆ ಬಜಾಜಿ ಅನ್ನುತ್ತಾರೆ, ಪ್ರತಿ ಊರಲ್ಲೂ ಇವೆ, ಬಿಡಿಭಾಗ ಎಲ್ಲೆಡೆ ಸಿಗುತ್ತದೆ.

ಈಗ ವಿಭಾಗದ ಮುಖ್ಯಸ್ಥರು ಇನ್ನೊಂದು ಕೇಳಿದ್ದಾರೆ. ಇಬ್ಬರು ಕಿರಿಯ ಅಧ್ಯಾಪಕರನ್ನು ಮಂಗಳೂರಿನ ಕಾರ್ಖಾನೆಯಲ್ಲಿ ಸ್ವಲ್ಪ ಕಾಲ ಇಟ್ಟುಕೊಂಡು ಕಲಿಸಬಹುದಾ ಅಂತ. ನನಗೆ ಗೊತ್ತಿರುವ ಮಾಲೀಕರನ್ನು ಕೇಳುತ್ತಾ ಹೋದೆ. "ಅವರಿಗೆ ಕಲಿಸಿದ್ರೆ ನಾಳೆ ನಮಗೆ ಬೀಜ ಯಾರು ಕೊಡ್ತಾರೆ ಸರ್?" ಅಂದರು ಒಬ್ಬರು. ತಮಾಷೆಗೆ ಹೇಳಿದ್ದಲ್ಲ. ಇನ್ನೊಬ್ಬರು ನೋಡೋಣ ಅಂದರು, ಅಂದರೆ ಆಗುವುದಿಲ್ಲ ಅಂತ. ಕೊನೆಗೆ ಒಬ್ಬರು ಒಪ್ಪಿದ್ದಾರೆ. ಬಾಯ್ಲರ್, ಕಟಿಂಗ್, ಬೋರ್ಮಾ ತೋರಿಸಬಹುದು, ಗ್ರೇಡಿಂಗ್ ಮತ್ತು ಪ್ಯಾಕಿಂಗ್ ಕಡೆಗೆ ಬಿಡುವುದಿಲ್ಲ, ಅದು ಷರತ್ತು. ಅಷ್ಟಾದರೂ ಆಗಲಿ ಅಂತ ವೀಸಾಕ್ಕೆ ಬೇಕಾದ ಆಹ್ವಾನ ಪತ್ರ ಬರೆಸುತ್ತಿದ್ದೇನೆ.